ಗ್ರೈಂಡರ್ ಕೋಣೆಯ ಮೇಲಿನ ಮುಲ್ತಾನಿ

ಉದ್ದು ನೆನೆದ ನೀರಿಗೆ ಒಂದು ವಾಸನೆ ಇದೆ. ಹೋಟೆಲಿನಲ್ಲೇ ಬೆಳೆದವರಿಗೆ ಅದು ಗೊತ್ತೇ ಆಗುವುದಿಲ್ಲ. ಚೆಂಬೂರಿನ ನಮ್ಮ ಹೋಟೆಲಿನ ಗಲ್ಲಾವನ್ನು ತಂಗಿಯ ಮಗನಿಗೆ ಒಪ್ಪಿಸಿ, ಮಲಾಡಿನ ಬಿಲ್ಡಿಂಗೊಂದರಲ್ಲಿ ಬಂದು ಕೂತ ಮೇಲೆಯೇ ನನಗೆ ಆ ವಾಸನೆಯ ಬೆಲೆ ತಿಳಿದದ್ದು. ಮೊನ್ನೆ ತರಕಾರಿ ತರಲು ಹೋದವನು ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಹಿಂದಿರುಗುತ್ತಿದ್ದೆ. ಮಧ್ಯಾಹ್ನ ಇಳಿಯುವ ಹೊತ್ತು, ಸಣ್ಣ ಮಳೆ. ಯಾವುದೋ ಹೋಟೆಲಿನ ಹಿಂಬಾಗಿಲಲ್ಲಿ ಒಬ್ಬ ದೊಡ್ಡ ತಪ್ಪಲೆ ಬಗ್ಗಿಸಿ ಉದ್ದಿನ ನೀರು ಚೆಲ್ಲಿದ. ಒಳಗೆ ಗ್ರೈಂಡರ್ ಗುಂಯ್ ಎಂದು ತಿರುಗಲು ಶುರುವಾಯಿತು. ನಾನು ಕೊಡೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಸುಮಾರು ಹೊತ್ತು ನಿಂತ ಮೇಲೆ ಗೊತ್ತಾಯಿತು, ನಾನು ಕಾಯುತ್ತಿದ್ದದ್ದು ಮಾಳಿಗೆಯಿಂದ ಹಾಡು ಇಳಿದು ಬರಲಿ ಎಂದು. ಮನೆಗೆ ಬಂದಾಗ ಹೆಂಡತಿ, "ಎಂತ, ಬೆಂಡೆಕಾಯಿ ಬೆಳೆಸಿ ಕೊಯ್ದು ತಂದದ್ದಾ?" ಎಂದಳು.

ನಮ್ಮ ಮಾಳಿಗೆಯಲ್ಲಿ ಆ ಹಾಡು ಶುರುವಾದದ್ದು ಲಾಕ್‌ಡೌನ್ ಮುಗಿದು, ಜನ ಮತ್ತೆ ಒಂದೇ ಟೇಬಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರಲು ಕಲಿತ ಮಳೆಗಾಲದಲ್ಲಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಗೊತ್ತಿಲ್ಲ. ದೋಸೆ ಹೊತ್ತಿದರೆ ಗಲ್ಲಾದಲ್ಲಿ ಕೂತೇ ತಿಳಿಯುತ್ತದೆ, ತಾಳ ತಪ್ಪಿದರೆ ಎದುರಿಗೇ ಕೂತಿದ್ದರೂ ತಿಳಿಯುವುದಿಲ್ಲ.

ಹೋಟೆಲಿನವರ ದಿನದಲ್ಲಿ ಮೂರರಿಂದ ಐದು ಖಾಲಿ ಹೊತ್ತು. ಊಟದವರು ಹೋಗಿರುತ್ತಾರೆ, ಸಂಜೆಯ ತಿಂಡಿಯವರು ಬಂದಿರುವುದಿಲ್ಲ. ಸಪ್ಲೈಯರುಗಳೆಲ್ಲ ಮಾಳಿಗೆಯ ಫ್ಯಾಮಿಲಿ ರೂಮಿನಲ್ಲಿ ಟೇಬಲ್ ಬದಿಗೆ ಸರಿಸಿ ಮಲಗುತ್ತಿದ್ದರು. ಆ ಹೊತ್ತಿಗೆ ಎಚ್ಚರ ಇರುತ್ತಿದ್ದದ್ದು ಗಲ್ಲಾದಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಗ್ರೈಂಡರ್ ನೋಡಿಕೊಳ್ಳುವ ಬಾಬಣ್ಣ. ಮರುದಿನದ ಇಡ್ಲಿ ಹಿಟ್ಟನ್ನು ಆಗಲೇ ರುಬ್ಬಬೇಕು. ಮಳೆಗಾಲದ ತಂಪಿಗೆ ಹಿಟ್ಟು ಬೇಗ ಹುಳಿಯುವುದಿಲ್ಲ, ತಡವಾದರೆ ಬೆಳಿಗ್ಗೆ ಇಡ್ಲಿ ಏಳುವುದಿಲ್ಲ. ಬಾಬಣ್ಣ ನಮ್ಮ ಅಪ್ಪನ ಕಾಲದಿಂದ ಆ ಕೋಣೆಯಲ್ಲಿದ್ದವನು. ಭೂಕಂಪವಾದರೂ ಗ್ರೈಂಡರ್ ನಿಲ್ಲಿಸಿಯೇ ಹೊರಗೆ ಓಡುವ ಜಾತಿ.

ಅಂಥ ಒಂದು ಮಧ್ಯಾಹ್ನ ಸುಮಿತ್ರಾಬಾಯಿ ಬಂದು ಗಲ್ಲಾದ ಎದುರು ನಿಂತರು. ಹೋಟೆಲಿನ ಹಿಂದಿನ ಹಳೇ ಬಿಲ್ಡಿಂಗಿನಲ್ಲಿದ್ದವರು, ಧಾರವಾಡದ ಕಡೆಯವರು, ಅರವತ್ತು ದಾಟಿದ ಒಂಟಿ ಹೆಂಗಸು. ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದರು. ಆ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವವರು ಬಂದಿದ್ದರು. ಇವರು ದೂರದ ಒಂದು ಬಾಡಿಗೆ ಖೋಲಿಗೆ ಹೋಗಿದ್ದರು. ಸಾಮಾನು ಸಾಗಿಸುವಾಗ ತಂಬೂರಿಯ ಬುರುಡೆ ಬಿರುಕು ಬಿಟ್ಟು, ರಿಪೇರಿಗೆ ಮಿರಜಿಗೆ ಹೋಗಿತ್ತು. ಮಳೆ ನಿಲ್ಲದೆ ಅಂಟು ಒಣಗುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದರಂತೆ. ಹೊಸ ಮನೆಯ ಮಾಲಿಕನಿಗೆ ಹಾಡು ಎಂದರೆ ಆಗದು.

"ಶೆಟ್ಟರ, ಒಂದ್ ಮಾತ ಕೇಳ್ಲೇನು?"

"ಹೇಳಿ ಅಮ್ಮ."

"ನಿಮ್ಮ ಮ್ಯಾಲಿನ ಖೋಲಿ ಐತವಾರ ಮಧ್ಯಾಹ್ನ ಖಾಲಿ ಇರತದಲ್ಲರಿ?"

"ಖಾಲಿ ಎಲ್ಲಿ ಅಮ್ಮ, ನಮ್ಮ ಜನ ಮಲಗ್ತಾರೆ."

"ಮಲಗ್ಲಿ ಬಿಡ್ರಿ. ನಾವು ಒಂದ್ ಮೂಲ್ಯಾಗ ಕೂತು ಹಾಡ್ತೀವಿ. ಎದ್ದು ಬೈಲಿಲ್ಲಂದ್ರ ಸಾಕು."

ಅವರ ಮನೆಯಲ್ಲಿ ಹಿಂದೆ ಭಾನುವಾರ ಬೈಠಕ್ ನಡೆಯುತ್ತಿತ್ತು. ಮೊದಲು ಶಿಷ್ಯರಲ್ಲೊಬ್ಬರು, ಆಮೇಲೆ ತಾವು. ಕೇಳಲು ಕಾಲನಿಯ ನಾಲ್ಕು ಜನ. ಲಾಕ್‌ಡೌನಿನಲ್ಲಿ ಅದು ನಿಂತು ಪಾಠವೆಲ್ಲ ಫೋನಿಗೆ ಇಳಿದಿತ್ತು. "ಫೋನಿನಾಗ ಹಾಡೂದು ಗ್ವಾಡಿಗೆ ಹಾಡಿದಂಗರಿ. ಕೇಳಾವ ಎದುರಿಗೆ ಕೂತು ತಲಿ ಅಲ್ಲಾಡಿಸಿದ್ರ ಹಾಡಿಗೆ ಜೀವ ಬರತದ. ಇಲ್ಲಾಂದ್ರ ಬರೇ ಪಾಠ." ಕೊನೆಗೆ, "ಜಾಗಾ ಸಿಗಲಿಲ್ಲಂದ್ರ ಗಂಟುಮೂಟಿ ಕಟ್ಟಿ ಹುಬ್ಬಳ್ಳಿಗೆ, ತಂಗಿ ಮನಿಗೆ ಹೋಗಾಕಿ," ಎಂದರು.

ಚೌತಿಯ ತನಕ ಎಂದು ಒಪ್ಪಿದೆ. ಚೌತಿಯಾದ ಮೇಲೆ ಆ ಕೋಣೆಗೆ ಎಸಿ ಹಾಕಿಸುವುದಿತ್ತು, ಬಡಗಿಗೆ ಹೇಳಿಯೂ ಆಗಿತ್ತು. ನನ್ನ ಔದಾರ್ಯ ಇಷ್ಟೇ.

ಮೊದಲ ಭಾನುವಾರ ಟೇಬಲುಗಳ ನಡುವೆ ಜಮಖಾನ ಹಾಸಿದರು. ತಂಬೂರಿಯ ಬದಲು ಪ್ಲಗ್ಗಿಗೆ ಸಿಕ್ಕಿಸುವ ಒಂದು ಶ್ರುತಿ ಪೆಟ್ಟಿಗೆ, ಒಂದು ಜೊತೆ ತಬಲಾ, ಕಾಲನಿಯ ಕೆಲವು ಹಿರಿಯರು. ಗೋಡೆಯ ಪಕ್ಕ ನಮ್ಮ ಸಪ್ಲೈಯರುಗಳು ಮುಸುಕೆಳೆದು ಮಲಗಿದ್ದರು. ಹಾಡು ಶುರುವಾಯಿತು. ಐದು ಹತ್ತಿರ ಬಂದರೂ ಮುಗಿಯುವ ಲಕ್ಷಣವಿಲ್ಲ. ಒಂದೇ ಸಾಲನ್ನು ಸುತ್ತಿ ಸುತ್ತಿ ಹಾಡುತ್ತಿದ್ದರು. ನನಗೋ ಸಾಂಬಾರಿನ ಚಿಂತೆ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಗಿರಾಕಿ ಕಾಫಿ ಕುಡಿದೂ ಏಳದಿದ್ದರೆ ನಾವು ಬಾಯಿಬಿಟ್ಟು "ಏಳಿ" ಎನ್ನುವುದಿಲ್ಲ. ಮೊದಲು ಟೇಬಲ್ ಒರೆಸುತ್ತೇವೆ. ಆಮೇಲೆ ನೀರಿನ ಗ್ಲಾಸು ಎತ್ತುತ್ತೇವೆ. ಅದಕ್ಕೂ ಬಗ್ಗದಿದ್ದರೆ ಫ್ಯಾನು ಆರಿಸುತ್ತೇವೆ. ಮುಂಬೈಯಲ್ಲಿ ಫ್ಯಾನಿಗೆ ಸೋಲದ ಗಿರಾಕಿ ಇನ್ನೂ ಹುಟ್ಟಿಲ್ಲ. ನಮ್ಮ ಹಿರಿಯ ಸಪ್ಲೈಯರ್ ಸಂಜೀವನಿಗೆ ಇದು ರಕ್ತಗತ. ನಿದ್ದೆಯಿಂದ ಎದ್ದವನು ಗಡಿಯಾರ ನೋಡಿದ, ಜನ ನೋಡಿದ, ಯಾರೂ ಹೇಳದೆಯೇ ಹೋಗಿ ಮೂರೂ ಫ್ಯಾನು ಆರಿಸಿದ. ಕೆಳಗೆ ಕೂತಿದ್ದ ನಾನು ಇನ್ನೇನು ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಗುತ್ತದೆ ಎಂದು ಕಾದೆ. ಬಂದದ್ದು "ಕ್ಯಾ ಬಾತ್ ಹೈ!" ಎಂಬ ಉದ್ಗಾರ. ಹಾಡು ಇನ್ನೂ ಹುರುಪಿನಿಂದ ಮುಂದುವರಿಯಿತು.

ಮುಗಿದ ಮೇಲೆ ಸುಮಿತ್ರಾಬಾಯಿ ಬೆವರೊರೆಸುತ್ತ ಕೆಳಗೆ ಬಂದು ಕೈಮುಗಿದರು. "ಶೆಟ್ಟರ, ನಿಮ್ಮವ್ರಿಗೆ ಇಷ್ಟು ಸಂಗೀತ ತಿಳೀತದಂತ ಗೊತ್ತಿರಲಿಲ್ಲರಿ. ಫ್ಯಾನಿನ ಸಪ್ಪಳದಾಗ ಸಣ್ಣ ಸ್ವರ ಮುಚ್ಚಿಹೋಗ್ತಿತ್ತು. ಬಾಯಿಬಿಟ್ಟು ಹೇಳಾಕ ಸಂಕೋಚ. ನೀವ ತಿಳಕೊಂಡು ಆರಿಸಿದ್ರಿ."

ನಾನು ಸಂಜೀವನ ಮುಖ ನೋಡಿದೆ. ಅವನು ಸುಳ್ಳು ಹೇಳಿ ಅಭ್ಯಾಸವಿಲ್ಲದ ಪಾಪದ ಮನುಷ್ಯ. "ಹಾಗಲ್ಲ ಅಮ್ಮ," ಎಂದ, "ನೀವು ಏಳ್ಲಿ ಅಂತ ಆರಿಸಿದ್ದು."

ಸುಮಿತ್ರಾಬಾಯಿ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಗಲ್ಲಾ ಹಿಡಿದುಕೊಂಡು ನಕ್ಕರು. ಅಂದಿನಿಂದ ಅದೇ ಪದ್ಧತಿಯಾಯಿತು. ಭಾನುವಾರ ಎಲ್ಲರೂ ಕೂತ ಮೇಲೆ ಸಂಜೀವ ಗಂಭೀರವಾಗಿ ಹೋಗಿ ಫ್ಯಾನು ಆರಿಸಬೇಕು, ಆಮೇಲೆ ಷಡ್ಜ. ಅವನೂ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ.

ಫ್ಯಾನಿನ ಸಮಸ್ಯೆ ತೀರಿತು, ಗ್ರೈಂಡರಿನದು ಉಳಿಯಿತು. ಬಾಬಣ್ಣನ ಕೋಣೆ ಸರಿಯಾಗಿ ಮಾಳಿಗೆಯ ಕೆಳಗೆ. ಅದರ ಗುಂಯ್ ನೆಲದೊಳಗಿಂದ ಮೇಲೆ ಬಂದು ಶ್ರುತಿ ಪೆಟ್ಟಿಗೆಯೊಡನೆ ಜಗಳಕ್ಕೆ ನಿಲ್ಲುತ್ತಿತ್ತು. ಶಿಷ್ಯರು ಮುಖ ಹಿಂಡಿದರು. ಎರಡನೇ ಭಾನುವಾರ ಸುಮಿತ್ರಾಬಾಯಿ ಕೆಳಗಿಳಿದು ಗ್ರೈಂಡರ್ ಕೋಣೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತರು. ಬಾಬಣ್ಣ ಗಾಬರಿಯಾಗಿ, "ನಿಲ್ಲಿಸ್ಲಿಕ್ಕೆ ಆಗುದಿಲ್ಲ ಟೀಚರೇ, ಹಿಟ್ಟು ಹಾಳಾಗ್ತದೆ," ಎಂದ.

"ನಿಲ್ಲಸಬ್ಯಾಡ್ರಿ ಬಾಬಣ್ಣ. ಅದು ಏರಂಗಿಲ್ಲ, ನಾನ ಇಳೀತೀನಿ."

ಮೇಲೆ ಹೋಗಿ ಪೆಟ್ಟಿಗೆಯ ಕಿವಿ ಹಿಂಡಿ ಶ್ರುತಿಯನ್ನು ಒಂದು ಎಳೆ ಕೆಳಕ್ಕೆ ತಂದರು. ಗ್ರೈಂಡರೂ ಪೆಟ್ಟಿಗೆಯೂ ಒಂದಾದವು. ಸಂಗೀತ ತಿಳಿಯದ ನನಗೂ ಅದು ಗೊತ್ತಾಯಿತು. ಅಲ್ಲಿಯವರೆಗೆ ಕಿರಿಕಿರಿಯಾಗಿದ್ದ ಶಬ್ದ ಇದ್ದಕ್ಕಿದ್ದಂತೆ ನೆಲದ ಹಾಗೆ ಕಾಲ ಕೆಳಗೆ ಬಂದು ನಿಂತಿತು. ಬಾಬಣ್ಣನಿಗೆ ಕೊಂಬು ಬಂತು. ತರಕಾರಿಯವನಿಗೆ, ಹಾಲಿನವನಿಗೆ, ಎಲ್ಲರಿಗೂ ತನ್ನ ಗ್ರೈಂಡರಿನ ಮೇಲೆಯೇ ಹಾಡು ನಡೆಯುವುದು ಎಂದು ಸಾರಿದ. ಒಂದೇ ಬೇಸರ ಅವನಿಗೆ. "ಊರಿಗೆಲ್ಲ ಹಾಡು ಅಣ್ಣ, ನನಗೆ ಮಾತ್ರ ಗುಂಯ್," ಎನ್ನುತ್ತಿದ್ದ. ನಿಜವೇ, ಆ ಕೋಣೆಯಲ್ಲಿ ಕೂತವನಿಗೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳದು.

ನಾನೂ ಮೆಲ್ಲಗೆ ಮೇಲೆ ಹೋಗಿ ಕೂರತೊಡಗಿದೆ. ಒಂದು ದಿನ ಸುಮಿತ್ರಾಬಾಯಿ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ರಾಗಗಳಿಗೆ ಹೊತ್ತು ಇರುತ್ತದೆ. ಕಚೇರಿಗಳೆಲ್ಲ ಸಂಜೆ ಆಗುವುದರಿಂದ ಮಧ್ಯಾಹ್ನದ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಎದುರಿಗೆ ಕೂತು ಕೇಳುವ ಭಾಗ್ಯ ಅಪರೂಪ. "ಮುಲ್ತಾನಿ ಹಾಡಾಕ ಮುಂಬೈದಾಗ ಯಾರ ಜಾಗಾ ಕೊಡತಾರ್ರಿ? ಆ ಹೊತ್ತಿಗೆ ಎಲ್ಲಾರೂ ಆಫೀಸಿನಾಗ, ಇಲ್ಲಾ ಲೋಕಲ್‌ನಾಗ. ನಿಮ್ಮ ಹೋಟೆಲ್ ಖಾಲಿ ಇರೂ ಹೊತ್ತಿಗೆ ನನ್ನ ಮುಲ್ತಾನಿ ಹೊತ್ತು ಕೂಡಿತು." ಅಷ್ಟು ವರ್ಷ ಮೂರರಿಂದ ಐದನ್ನು ನಾನು ವ್ಯಾಪಾರವಿಲ್ಲದ ಹೊತ್ತು ಎಂದು ಶಪಿಸಿದ್ದೆ.

ಅವರ ಶಿಷ್ಯೆ ಅಶ್ವಿನಿ ದಹಿಸರ್‌ನಿಂದ ಎರಡು ಲೋಕಲ್ ಬದಲಿಸಿ ಬರುತ್ತಿದ್ದಳು. ಆಫೀಸಿನಲ್ಲಿ ಕೆಲಸ, ಕನ್ನಡ ಪೂರಾ ಅರ್ಥವಾಗುತ್ತಿತ್ತು, ಆಡುವಾಗ ಮುಗ್ಗರಿಸುತ್ತಿತ್ತು. ಅವಳೇ ಒಮ್ಮೆ ಕಾಫಿ ಕುಡಿಯುತ್ತ ಗುಟ್ಟು ಬಿಚ್ಚಿದಳು.

"ಅಂಕಲ್, ಟೀಚರ್ ಖುದ್ ಮಾಡಿದ್ದು ಒಂದು ಚೀಜ್ ಇದೆ, ಮುಲ್ತಾನಿಯಲ್ಲಿ. ಇತನಾ ಸುಂದರ್! ಆದ್ರೆ ನಮಗೆ ಕಲಿಸಲ್ಲ. ಅವರ ಗುರೂಜಿದು ರೂಲ್ ಹೈ."

ಚೀಜು ಎಂದರೆ ರಚನೆ; ಇದು ಸುಮಿತ್ರಾಬಾಯಿ ತಾವೇ ಕಟ್ಟಿದ್ದು. ನಿಯಮ ಇಷ್ಟು: ಹೊಸ ಚೀಜನ್ನು ಜನರ ಎದುರು ಹಾಡಬೇಕು. ಹೊರಗಿನ ಕೇಳುಗ ಒಬ್ಬನಾದರೂ ತಾನಾಗಿ ಇನ್ನೊಮ್ಮೆ ಹಾಡಿ ಎಂದು ಕೇಳಬೇಕು. ಕೇಳಿದರೆ ಅದು ಹುಟ್ಟಿತು, ಶಿಷ್ಯರಿಗೆ ಕೊಡಬಹುದು. ಇಲ್ಲವಾದರೆ ಹಾಡಿದವರೊಂದಿಗೇ ಹೋಗುತ್ತದೆ. ಶಿಷ್ಯರು ಕೇಳಿದರೆ ಲೆಕ್ಕಕ್ಕಿಲ್ಲ. ನಿಯಮ ಗೊತ್ತಿದ್ದವರು ಕೇಳಿದರೂ ಇಲ್ಲ.

"ಅಷ್ಟೇ ತಾನೆ? ನಾನು ಕೇಳ್ತೇನೆ," ಎಂದೆ.

"ಅಬ್ ತೋ ಆಪ್‌ಕೋ ರೂಲ್ ಗೊತ್ತಾಯ್ತು ನಾ ಅಂಕಲ್! ನೀವೂ ಔಟ್."

ಸುಮಿತ್ರಾಬಾಯಿಯನ್ನೇ ಕೇಳಿದೆ, ಇದೆಂಥ ಹಟ ಎಂದು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು ಶೆಟ್ಟರ. ನಾ ಮಾಡಿದ್ದು ನನಗ ಛಲೋನ ಕಾಣತದ. ಎಷ್ಟೋ ಸಲ ಹಾಡೀನಿ, ವಾಹ್ ವಾಹ್ ಅಂದಾರ. ವಾಹ್ ಅನ್ನೂದು ಸಸ್ತಾ ಅದರಿ. ಇನ್ನೊಮ್ಮೆ ಅನ್ನೂದು ತುಟ್ಟಿ."

ಅಂದಿನಿಂದ ನನ್ನ ಸಮಾಧಾನ ಹೋಯಿತು. ಚೌತಿ ಹತ್ತಿರ ಬರುತ್ತಿತ್ತು. ಅವರು ಹುಬ್ಬಳ್ಳಿಗೆ ಹೋದರೆ ಆ ಚೀಜು ಅವರ ಹೊಟ್ಟೆಯಲ್ಲೇ ಉಳಿಯುತ್ತದೆ. ಸಿಕ್ಕಸಿಕ್ಕವರನ್ನು ಭಾನುವಾರಕ್ಕೆ ಕರೆದೆ; ಕಾರಣ ಹೇಳುವಂತಿಲ್ಲ, "ಬನ್ನಿ, ಹಾಡು ಉಂಟು, ಇಡ್ಲಿ ಉಂಟು" ಎಂದಷ್ಟೇ. ಸುಮಿತ್ರಾಬಾಯಿ ಒಂದು ಭಾನುವಾರ ಆ ಚೀಜು ಹಾಡಿಯೂ ಹಾಡಿದರು. ಎಲ್ಲರೂ ತಲೆದೂಗಿದರು. ನಾನು ಒಂದೊಂದೇ ಮುಖ ನೋಡಿದೆ. ಮುಂದಿನ ಸಾಲಿನ ಒಬ್ಬರು, ನಾನೇ ಕರೆದು ತಂದವರು, "ಬಹಳ ಚೆನ್ನಾಗಿತ್ತು, ಈಗ ಒಂದು ಭಜನೆ ಆಗಲಿ" ಎಂದರು. ಸುಮಿತ್ರಾಬಾಯಿ ನಗುತ್ತಲೇ ಭಜನೆ ಹಾಡಿದರು. ಆ ಮನುಷ್ಯನ ತಟ್ಟೆಯ ಇಡ್ಲಿಯನ್ನು ವಾಪಸು ಕಸಿದುಕೊಳ್ಳಬೇಕು ಎನಿಸಿತು ನನಗೆ.

ಚೌತಿಗೆ ಮೊದಲಿನ ಕೊನೆಯ ಭಾನುವಾರ ಮಳೆ ಹುಚ್ಚೆದ್ದು ಸುರಿಯಿತು. ಹಳಿಗಳ ಮೇಲೆ ನೀರು, ಲೋಕಲ್ ಬಂದ್. ತಬಲಾದವರು ದಾರಿಯಲ್ಲೇ ಸಿಕ್ಕಿಬಿದ್ದರು. ಅಶ್ವಿನಿ ಬೆಳಿಗ್ಗೆಯೇ ಹೊರಟಿದ್ದರಿಂದ ಹೇಗೋ ತೊಯ್ದು ತೊಪ್ಪೆಯಾಗಿ ಬಂದು ಮುಟ್ಟಿದಳು. ಕೇಳಲು ಪಕ್ಕದ ಬಿಲ್ಡಿಂಗಿನ ಇಬ್ಬರು ಮುದುಕರು, ನಾನು, ಮಲಗಿದ್ದ ಸಪ್ಲೈಯರುಗಳು. ಸಂಜೀವ ಎಂದಿನ ಗಾಂಭೀರ್ಯದಿಂದ ಫ್ಯಾನು ಆರಿಸಿ, ನನ್ನ ಬದಲು ಗಲ್ಲಾಕ್ಕೆ ಹೋದ.

ಸುಮಿತ್ರಾಬಾಯಿ ಕಿಟಕಿಯಾಚೆಯ ಮಳೆ ನೋಡಿ, "ಕಡೀ ಬೈಠಕ್. ಯಾರಿದ್ರೇನು, ಬಿಟ್ರೇನು," ಎಂದು ಮುಲ್ತಾನಿಯನ್ನೇ ಎತ್ತಿಕೊಂಡರು. ಅಶ್ವಿನಿ ತೊಡೆಯ ಮೇಲೆ ಕೈತಟ್ಟಿ ತಾಳ ಹಿಡಿದಳು. ಬಹಳ ಹೊತ್ತು ಆಲಾಪವಾಗಿ, ಆಮೇಲೆ ಚೀಜು ಬಂತು.

ಇಳಿಬಿಸಿಲೆ, ತುಸು ನಿಲ್ಲು,
ಬರುವವರಿನ್ನೂ ಬಂದಿಲ್ಲ.

ಅದು ಮೊದಲ ಭಾಗ. ಸುತ್ತಿ ಸುತ್ತಿ ಅದನ್ನೇ ಹಾಡಿದರು. ಒಂದೇ ಸಾಲನ್ನು ಅಷ್ಟು ಸಲ ಯಾಕೆ ಹಾಡುತ್ತಾರೆ ಎಂದು ಆ ದಿನ ನನಗೆ ಅರ್ಥವಾಯಿತು. ಬಾಗಿಲಿಗೆ ಬಂದು ಬಂದು ದಾರಿ ನೋಡುವವರು ಒಂದೇ ಸಲ ನೋಡಿ ಒಳಗೆ ಹೋಗುತ್ತಾರೆಯೇ? ಆಮೇಲೆ ಧ್ವನಿ ಮೇಲಕ್ಕೇರಿ ಎರಡನೇ ಭಾಗ.

ದೀಪ ಹಚ್ಚುವ ಮೊದಲೇ ಯಾರೋ
ಹೊಸ್ತಿಲಲಿ ಹೆಸರು ಹಿಡಿದು ಕರೆಯಲಿ.

ಆಗಲೇ ಕರೆಂಟ್ ಹೋಯಿತು. ಶ್ರುತಿ ಪೆಟ್ಟಿಗೆ ನಿಂತಿತು. ಕೆಳಗೆ ಗ್ರೈಂಡರ್ ನರಳುತ್ತ ನಿಂತಿತು. ಅವರು ನಿಲ್ಲಿಸಲಿಲ್ಲ. ಕಾಲ ಕೆಳಗಿನ ನೆಲ ಹೋದರೂ ಧ್ವನಿ ಅಲ್ಲಾಡಲಿಲ್ಲ. ಮಬ್ಬು ಬೆಳಕಿನಲ್ಲಿ ಆ ಧ್ವನಿಯೊಂದೇ ಮಾಳಿಗೆ ತುಂಬಿ, ಮರದ ಮೆಟ್ಟಿಲಿಳಿದು ಹೋಯಿತು. ಮುಗಿದಾಗ ಯಾರೂ ವಾಹ್ ಎನ್ನಲಿಲ್ಲ.

ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಬಾಬಣ್ಣ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೊನೆಯ ಮೆಟ್ಟಿಲಲ್ಲೇ ನಿಂತ.

"ಟೀಚರೇ, ಈಗ ಹೇಳಿದ್ರಲ್ಲ, ಅದು ಇನ್ನೊಂದ್ಸಲ ಹೇಳ್ತೀರಾ?"

ಅಶ್ವಿನಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಸುಮಿತ್ರಾಬಾಯಿ ಮೊದಲು ನನ್ನ ಮುಖ ನೋಡಿದರು, ಆಮೇಲೆ ಅವನನ್ನು. "ನಿಮಗ ಯಾರರ ಹೇಳಿ ಕಳಿಸ್ಯಾರೇನು ಬಾಬಣ್ಣ?"

"ಎಂತ ಹೇಳಿ ಕಳಿಸುದು? ಇಷ್ಟು ವಾರ ನನಗೆ ಎಂತದೂ ಕೇಳಿದ್ದಿಲ್ಲ. ಈಗ ಕರೆಂಟ್ ಹೋದ ಮೇಲೆ ಬಾಲ ಮಾತ್ರ ಸಿಕ್ಕಿತು. ಬೇಗ ಹೇಳಿ ಮಾರಾಯ್ರೇ, ಕರೆಂಟ್ ಬಂದ್ರೆ ನಾನು ಕೆಳಗೆ ಹೋಗ್ಬೇಕು, ಉದ್ದು ಅರ್ಧ ಆಗಿದೆ."

ಸುಮಿತ್ರಾಬಾಯಿ ಜಮಖಾನದ ಮೇಲೆ ನೆಟ್ಟಗೆ ಕೂತರು. "ಎಲ್ಲಿಂದ ಹಾಡ್ಲಿ?"

"ಮೊದಲಿಂದ."

ಮೊದಲಿಂದ ಹಾಡಿದರು. ಬಾಬಣ್ಣ ಹಿಟ್ಟಿನ ಕೈಗಳನ್ನು ಮುಂದೆ ಚಾಚಿ, ಎಲ್ಲಿಗೂ ತಾಗದಂತೆ, ಮೆಟ್ಟಿಲಲ್ಲೇ ಕೂತ. ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಗೋಡೆಗೊರಗಿದರು. ಹಾಡಿನ ನಡುವೆಯೇ ಕರೆಂಟ್ ಬಂತು. ಪೆಟ್ಟಿಗೆ ಮತ್ತೆ ಮಿಡಿಯತೊಡಗಿತು. ಬಾಬಣ್ಣ ತಟ್ಟನೆ ಎದ್ದು ನನ್ನತ್ತ ನೋಡಿದ. ಕೆಳಗೆ ಅರ್ಧ ರುಬ್ಬಿದ ಉದ್ದು, ನಾಳೆಯ ಇಡ್ಲಿ, ಮಳೆಗಾಲದ ತಂಪು. ನಾನು ಕೂರು ಎಂದು ಕೈ ಮಾಡಿದೆ. ನಮ್ಮ ಹೋಟೆಲಿನಲ್ಲಿ ಹಿಟ್ಟು ಮನುಷ್ಯನಿಗಾಗಿ ಕಾದದ್ದು ಅದೇ ಮೊದಲು. ಹಾಡಿನ ಕೊನೆಯ ತನಕ ಅವನು ಕೂತ, ನಾನೂ ಕೂತೆ. ಮುಗಿದ ಮೇಲೆ ಸುಮಿತ್ರಾಬಾಯಿ ಅಶ್ವಿನಿಯ ಕಡೆ ತಿರುಗಿ, "ನಾಳಿ ರಜಾ ಹಾಕು. ಕಲಸೂದದ," ಎಂದರು.

ಬಡಗಿ ಬರುವುದು ಬೇಡ ಎಂದು ಅಂದೇ ಫೋನು ಮಾಡಿದೆ. ಈಗಲೂ ಆ ಕೋಣೆಗೆ ಎಸಿ ಇಲ್ಲ. ಈಗ ಗಲ್ಲಾದಲ್ಲಿರುವ ಅಳಿಯ ಗೊಣಗುತ್ತಾನೆ, ಆದರೆ ಭಾನುವಾರ ಫ್ಯಾನು ಆರಿಸಲು ಮರೆಯುವುದಿಲ್ಲ. ಸುಮಿತ್ರಾಬಾಯಿ ಹುಬ್ಬಳ್ಳಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ತಂಬೂರಿ ಮಿರಜಿನಿಂದ ಸರಿಯಾಗಿ ಬಂತು, ಅದನ್ನೂ ಗ್ರೈಂಡರಿಗೇ ಹೊಂದಿಸಿದರು. ನಾನು ಸಂಗೀತಕ್ಕೆ ಜಾಗ ಕೊಟ್ಟವನು ಎಂದು ಚೆಂಬೂರಿನಲ್ಲಿ ಕೆಲವರು ಹೊಗಳುವುದುಂಟು. ಕೊಟ್ಟದ್ದು ಗಿರಾಕಿ ಇಲ್ಲದ ಎರಡು ತಾಸು. ಪಡೆದದ್ದನ್ನು ನೆನೆದರೆ ಇಂದಿಗೂ ಆ ಹೆಂಗಸಿಗೂ ಆ ಮಳೆಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆ ಬೈಠಕ್ಕಿನ ಮರುದಿನ, ಸೋಮವಾರ ಬೆಳಿಗ್ಗೆ ಇಡ್ಲಿ ಏಳಲಿಲ್ಲ. "ಶೆಟ್ರೇ, ಇದು ಇಡ್ಲಿಯಾ, ಫುಟ್‌ಪಾತಿನ ಪೇವರ್ ಬ್ಲಾಕಾ?" ಎಂದು ಹಳೇ ಗಿರಾಕಿಯೊಬ್ಬರು ಕೂಗಿದರು. ಒಬ್ಬೊಬ್ಬರೂ ತಟ್ಟೆ ದೂಡಿ ಎದ್ದರು. ನಾನು ಗಲ್ಲಾದಲ್ಲಿ ಕೂತು ನಗುನಗುತ್ತ ಬೈಸಿಕೊಂಡೆ. ಬಾಬಣ್ಣ ಅಡುಗೆಮನೆಯ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಆ ಹೊತ್ತಿಗೆ ಸುಮಿತ್ರಾಬಾಯಿ ಅಶ್ವಿನಿಯನ್ನು ಕರೆದುಕೊಂಡು ಬಂದರು, ಎಂದಿನ ಮೂಲೆಯಲ್ಲಿ ಕೂತರು. ಬೇರೇನಾದರೂ ತಿನ್ನಿ ಎಂದು ಸಂಜೀವ ಬೇಡಿಕೊಂಡರೂ ಕೇಳದೆ ಇಡ್ಲಿಯನ್ನೇ ತರಿಸಿದರು. ಚಮಚ ಇಳಿಯದ್ದನ್ನು ಕೈಯಲ್ಲಿ ಮುರಿದು, ಸಾಂಬಾರಿನಲ್ಲಿ ಅದ್ದಿ, ನಿಧಾನವಾಗಿ ಅಗಿದು, ಒಂದು ಚೂರೂ ಬಿಡದೆ ತಿಂದರು. ತಟ್ಟೆ ಖಾಲಿಯಾದ ಮೇಲೆ ಅಡುಗೆಮನೆಯ ಬಾಗಿಲಿನ ಕಡೆ ನೋಡಿ, ಇಡೀ ಹೋಟೆಲಿಗೆ ಕೇಳುವಂತೆ ಕರೆದರು.

"ಬಾಬಣ್ಣ, ಇನ್ನೊಂದ್ ಪ್ಲೇಟು."